ಗೇಟ್ ಹೋಯಿತು, ಗುಂಡಿ ಬಂತು: ಗೌರಿಬಿದನೂರು ಕಡೆಯ ಒಂದು ರೈಲ್ವೆ ಅಂಡರ್‌ಪಾಸ್ ಪ್ರಕರಣ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ಕಡೆ, ಬೆಂಗಳೂರು–ಧರ್ಮಾವರಂ ರೈಲು ಮಾರ್ಗಕ್ಕೆ ಅಂಟಿಕೊಂಡೇ ಒಂದು ಊರಿದೆ. ಮನೆಗಳೆಲ್ಲ ಹಳಿಯ ಒಂದು ಕಡೆ. ಹಾಲಿನ ಡೈರಿ, ಶಾಲೆ, ಬಸ್ ನಿಲ್ಲುವ ಜಾಗ, ಅರ್ಧಕ್ಕಿಂತ ಜಾಸ್ತಿ ಹೊಲ ಇನ್ನೊಂದು ಕಡೆ. ನಡುವೆ ಒಂದು ಗೇಟ್ ಇತ್ತು, ಗೇಟ್‌ಮನ್ ಇದ್ದ. ಆ ಗೇಟ್ ತೆಗೆದು ಅಂಡರ್‌ಪಾಸ್ ಮಾಡಿದರು. ಈಗ ಜೋರು ಮಳೆ ಬಂದರೆ ಅಂಡರ್‌ಪಾಸ್ ತುಂಬುತ್ತದೆ, ಜನ ಹಳಿ ಹತ್ತಿ ದಾಟುತ್ತಾರೆ. ಮೊದಲು ಕಾವಲಿನಲ್ಲಿ ದಾಟುತ್ತಿದ್ದವರು ಈಗ ಕಾವಲಿಲ್ಲದೆ ದಾಟುತ್ತಿದ್ದಾರೆ. ದುಡ್ಡು ಖರ್ಚಾಗಿದ್ದು ಮಾತ್ರ ಸುರಕ್ಷತೆಯ ಹೆಸರಲ್ಲಿ.

ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಯಾರೋ ಒಬ್ಬ ಎಂಜಿನಿಯರ್, ಯಾರೋ ಒಬ್ಬ ಪಿಡಿಒ ತಲೆ ಮೇಲೆ ಎಲ್ಲ ಬೀಳುತ್ತದೆ. ಅವರವರ ಕಾಗದದ ಪ್ರಕಾರ ಇಬ್ಬರೂ ಸರಿಯಾಗಿಯೇ ಇದ್ದಾರೆ. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಅದಕ್ಕೆ. ನಾನು ಆ ಊರಿನ ಅಳಿಯ. ಹಬ್ಬಕ್ಕೆ ಹೋದರೆ ಒಬ್ಬಟ್ಟಿನ ಜೊತೆಗೆ ಅರ್ಜಿ ಬರೆಯುವ ಕೆಲಸವೂ ಕಾದಿರುತ್ತದೆ. ಹಾಗಾಗಿ ಕಡತದ ಬಹುಪಾಲು ಕಾಗದ ನನ್ನ ಕೈ ದಾಟಿಯೇ ಹೋಗಿವೆ.

ಗೇಟ್ ತೆಗೆಯಬೇಕಿತ್ತಾ?

ತೆಗೆಯಬೇಕಿತ್ತು. ಇದರಲ್ಲಿ ನನಗೆ ಅನುಮಾನ ಇಲ್ಲ. ಊರಿನವರು ಸಿಟ್ಟಿನಲ್ಲಿ "ಗೇಟೇ ವಾಪಸ್ ಕೊಡ್ರಿ" ಅನ್ನುತ್ತಾರೆ, ಆ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

2014-15ರಲ್ಲಿ ರೈಲ್ವೆಯ ಲೆಕ್ಕಕ್ಕೆ ಬಂದ ರೈಲು ಅಪಘಾತಗಳು 135. ಅದರಲ್ಲಿ 50 ಆದದ್ದು ಕಾವಲುಗಾರರಿಲ್ಲದ ಗೇಟುಗಳಲ್ಲಿ. ಅಂಥ ಗೇಟುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು, 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಒಂದೂ ಉಳಿಯದ ಹಾಗೆ ಮಾಡಿದರು. ಅಪಘಾತ ಪಟ್ಟಿಯ ಆ ಕಾಲಂನಲ್ಲಿ ಸೊನ್ನೆ ಬಂತು. ಸರ್ಕಾರ ಒಂದು ಕೆಲಸ ಹಿಡಿದು ಮುಗಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಗೇಟ್‌ಮನ್ ಇದ್ದ ಮಾತ್ರಕ್ಕೆ ಗೇಟ್ ಭದ್ರ ಅಂತಲೂ ಅಲ್ಲ. ಈ ಮಾರ್ಗದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2015ರ ಆಗಸ್ಟ್ 24ರ ನಸುಕಿನಲ್ಲಿ, ಇದೇ ಮಾರ್ಗದ ಪೆನುಕೊಂಡ ಹತ್ತಿರ, ಗ್ರಾನೈಟ್ ಹೇರಿಕೊಂಡಿದ್ದ ಲಾರಿಯೊಂದು ಗೇಟಿನಲ್ಲಿ ನಿಲ್ಲದೆ ನುಗ್ಗಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ಗೆ ಗುದ್ದಿತು. ದೇವದುರ್ಗದ ಆಗಿನ ಶಾಸಕ ವೆಂಕಟೇಶ ನಾಯಕ್ ಸೇರಿ ಹಲವರು ಸತ್ತರು. ಅದಕ್ಕೂ ಮೂರು ವರ್ಷ ಹಿಂದೆ, 2012ರ ಮೇ 22ರಂದು, ಪೆನುಕೊಂಡ ನಿಲ್ದಾಣದಲ್ಲೇ ಹಂಪಿ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್ ಗಾಡಿಗೆ ಡಿಕ್ಕಿ ಹೊಡೆದು ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಅದು ಗೇಟಿನ ಅಪಘಾತ ಅಲ್ಲ, ಸಿಗ್ನಲ್ ದಾಟಿ ಹೋದದ್ದು. ಆದರೂ ಊರಿನ ಹಿರಿಯರು ಮಾತಿಗೆ ಕೂತರೆ ಎರಡೂ ಒಟ್ಟಿಗೇ ಬರುತ್ತವೆ.

ಅದೇ 2012ರಲ್ಲಿ ವಿಜ್ಞಾನಿ ಅನಿಲ್ ಕಾಕೋಡ್ಕರ್ ನೇತೃತ್ವದ ಸಮಿತಿ ರೈಲ್ವೆ ಸುರಕ್ಷತೆ ಬಗ್ಗೆ ವರದಿ ಕೊಟ್ಟಿತು. ಕಾವಲಿರಲಿ ಇಲ್ಲದಿರಲಿ, ಐದು ವರ್ಷದಲ್ಲಿ ಎಲ್ಲ ಗೇಟುಗಳನ್ನೂ ತೆಗೆಯಿರಿ, ಅದಕ್ಕೆ ಸುಮಾರು 50,000 ಕೋಟಿ ರೂಪಾಯಿ ಬೇಕಾಗುತ್ತದೆ ಅಂದಿತು. ಸುರಕ್ಷತೆಯನ್ನು ನೋಡಿಕೊಳ್ಳಲು ಕಾನೂನಿನ ಬಲ ಇರುವ ಬೇರೆಯೇ ಪ್ರಾಧಿಕಾರ ಬೇಕು ಅಂತಲೂ ಹೇಳಿತು. ಮೊದಲನೆಯ ಮಾತು ನಿಧಾನವಾಗಿಯಾದರೂ ನಡೆಯುತ್ತಿದೆ. ಎರಡನೆಯದು ಕಾಗದದಲ್ಲೇ ಕೂತಿದೆ. ನಮ್ಮ ಊರಿನ ಕಥೆ ಹುಟ್ಟಿದ್ದು ಈ ಎರಡರ ನಡುವಿನ ಖಾಲಿ ಜಾಗದಲ್ಲಿ.

ಕುರಿಗೆ ಗೀಟು ಹಾಕುವುದಿಲ್ಲ

ಗೇಟಿನ ಜಾಗದಲ್ಲಿ ಮೇಲ್ಸೇತುವೆ ಬರಬೇಕೋ ಅಂಡರ್‌ಪಾಸ್ ಬರಬೇಕೋ ಅನ್ನುವುದನ್ನು ಮುಖ್ಯವಾಗಿ ಒಂದು ಅಂಕಿ ತೀರ್ಮಾನಿಸುತ್ತದೆ. ರೈಲ್ವೆಯವರು ಅದನ್ನು ಟಿವಿಯು ಅನ್ನುತ್ತಾರೆ. ದಿನಕ್ಕೆ ಎಷ್ಟು ರೈಲು, ಎಷ್ಟು ಗಾಡಿ ಅಂತ ಎಣಿಸಿ ಒಂದಕ್ಕೊಂದು ಗುಣಿಸುವ ಲೆಕ್ಕ. ಇದು ಒಂದು ಲಕ್ಷ ದಾಟಿದರೆ ಮೇಲ್ಸೇತುವೆಗೆ ಅರ್ಹತೆ, ಖರ್ಚು ರೈಲ್ವೆಗೂ ರಾಜ್ಯಕ್ಕೂ ಅರ್ಧರ್ಧ ಅನ್ನುವುದು ಬಹಳ ಕಾಲ ನಡೆದುಬಂದ ಪದ್ಧತಿ. ದಿನಕ್ಕೆ 50 ರೈಲು ಓಡುವ ಕಡೆ ಲಕ್ಷ ಮುಟ್ಟಬೇಕಾದರೆ 2,000 ಗಾಡಿ ದಾಟಬೇಕು. ಹಳ್ಳಿ ಗೇಟಿಗೆ ಅಷ್ಟು ಗಾಡಿ ಎಲ್ಲಿಂದ ಬರಬೇಕು?

ಅದರಲ್ಲೂ ಯಾರನ್ನು ಎಣಿಸುತ್ತಾರೆ ನೋಡಿ. ಕಾರು, ಲಾರಿ, ಎತ್ತಿನಗಾಡಿ ತಲಾ ಒಂದು. ಆಟೊ ಅರ್ಧ. ನಡೆದು ಹೋಗುವವರು ಸೊನ್ನೆ. ಕುರಿ, ಮೇಕೆ, ಸೀಮೆಹಸು ಎಲ್ಲ ಸೊನ್ನೆ. ನಮ್ಮ ಊರಿನ ಗೇಟ್ ದಾಟುತ್ತಿದ್ದವರಲ್ಲಿ ಮುಕ್ಕಾಲು ಪಾಲು ನಡೆದು ಹೋಗುವವರೇ. ಹಾಲಿನ ಕ್ಯಾನ್ ಹಿಡಿದವರು, ಶಾಲೆ ಮಕ್ಕಳು, ಹೊಲಕ್ಕೆ ಬುತ್ತಿ ಒಯ್ಯುವವರು. ಎಣಿಸಲು ಬಂದವರು ಮರದ ನೆರಳಲ್ಲಿ ಕೂತು ಗೀಟು ಹಾಕುತ್ತಿದ್ದಾಗ ಕುರಿ ಕಾಯುವ ತಾತ ಒಬ್ಬರು, "ನನ್ನ ಕುರಿಗೂ ಒಂದೊಂದು ಗೀಟು ಹಾಕ್ಕೊಳ್ಳಿ ಸ್ವಾಮಿ, ಬ್ರಿಡ್ಜ್ ಬಂದ್ರೂ ಬರಬೌದು" ಅಂದರಂತೆ. ಎಲ್ಲರೂ ನಕ್ಕರಂತೆ.

ಗೇಟ್ ಮುಚ್ಚಲು ಜಿಲ್ಲಾಡಳಿತದ ಒಪ್ಪಿಗೆ ಬೇಕು. ಜಿಲ್ಲಾಡಳಿತ ಪಂಚಾಯಿತಿಯ ಅಭಿಪ್ರಾಯ ಕೇಳುತ್ತದೆ. ಪಂಚಾಯಿತಿ ಸಭೆಯಲ್ಲಿ ಒಂದು ನಡಾವಳಿ ಆಯಿತು. ಎರಡೇ ವಾಕ್ಯ. ಗೇಟ್ ಬದಲು ಅಂಡರ್‌ಪಾಸ್ ಮಾಡಲು ಪಂಚಾಯಿತಿಯ ಅಭ್ಯಂತರ ಇಲ್ಲ ಅನ್ನುವುದು ಮೊದಲನೆಯದು. ರಸ್ತೆ, ದೀಪ, ಚರಂಡಿಯ ನಿರ್ವಹಣೆಯನ್ನು ಪಂಚಾಯಿತಿ ನೋಡಿಕೊಳ್ಳುತ್ತದೆ ಅನ್ನುವುದು ಎರಡನೆಯದು. ನಮೂನೆ ಮೇಲಿನಿಂದಲೇ ಬಂದಿತ್ತು. ಆಗ ಸದಸ್ಯರಾಗಿದ್ದವರನ್ನು ಆಮೇಲೆ ಕೇಳಿದೆ. "ಗೇಟ್ ಹತ್ರ ಅರ್ಧ ಗಂಟೆ ಕಾಯೋದು ತಪ್ಪುತ್ತಲ್ಲ ಅಂತ ಕೈ ಎತ್ತಿದ್ವಿ ಅಳಿಯಂದ್ರೇ. ಎರಡನೇ ಲೈನ್ ಯಾರು ಓದ್ತಾರೆ?" ಅಂದರು.

ಇಡೀ ಪ್ರಕರಣದ ಕೀಲಿ ಆ ಎರಡನೇ ಲೈನ್‌ನಲ್ಲಿದೆ.

ಒಂದು ಒಳ್ಳೆಯ ಕೆಲಸ

ಕಟ್ಟಿದ ರೀತಿಯನ್ನು ಹೊಗಳಲೇಬೇಕು. ಕಾಂಕ್ರೀಟ್ ಬಾಕ್ಸ್‌ಗಳನ್ನು ಪಕ್ಕದ ಬಯಲಿನಲ್ಲೇ ಎರಕ ಹೊಯ್ದು ಒಣಗಿಸಿದರು. ಒಂದು ದಿನ ಗೊತ್ತು ಮಾಡಿ ರೈಲು ಓಡಾಟ ನಿಲ್ಲಿಸಿದರು. ಅದಕ್ಕೆ ಬ್ಲಾಕ್ ತಗೊಳ್ಳೋದು ಅನ್ನುತ್ತಾರೆ. ಹಳಿ ಕತ್ತರಿಸಿ, ಮಣ್ಣು ತೋಡಿ, ದೊಡ್ಡ ಕ್ರೇನ್‌ಗಳಿಂದ ಬಾಕ್ಸ್ ಇಳಿಸಿ, ಮೇಲೆ ಜಲ್ಲಿ ತುಂಬಿ ಹಳಿ ಜೋಡಿಸಿದರು. ಊರಿಗೆ ಊರೇ ಜಾತ್ರೆ ನೋಡುವ ಹಾಗೆ ನಿಂತಿತ್ತು. ಕೆಲವೇ ಗಂಟೆಗಳಲ್ಲಿ ಮೊದಲ ರೈಲು ನಿಧಾನಕ್ಕೆ ಮೇಲೆ ಹೋಯಿತು. ಆಮೇಲೆ ಸ್ವಲ್ಪ ದಿನ ಆ ಜಾಗದಲ್ಲಿ ವೇಗ ಕಡಿಮೆ ಇಡಬೇಕು ಅಂತ ಚಾಲಕರಿಗೆ ಕಾಷನ್ ಆರ್ಡರ್ ಇತ್ತು. ಮಣ್ಣು ಕೂತ ಮೇಲೆ ಅದೂ ಹೋಯಿತು.

ಇಷ್ಟು ಅಚ್ಚುಕಟ್ಟಾಗಲು ಕಾರಣ ಇದೆ. ರೈಲು ಓಡುವ ಹಳಿಯ ಕೆಳಗೆ ಹೊಸದಾಗಿ ಇಂಥದ್ದೇನಾದರೂ ಕಟ್ಟಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರ ಮಂಜೂರಾತಿ ಬೇಕು. ಈ ಆಯುಕ್ತರು ರೈಲ್ವೆ ಸಚಿವಾಲಯದ ಕೈ ಕೆಳಗಿನವರಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ರೈಲು ಓಡಿಸುವವರೇ ರೈಲಿನ ಸುರಕ್ಷತೆಗೆ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು ಅಂತ ಬ್ರಿಟಿಷರ ಕಾಲದ ಕೊನೆಯಲ್ಲಿ, 1941ರಲ್ಲಿ, ಹೀಗೆ ಬೇರೆ ಮಾಡಿದರು. ನಮ್ಮ ಭಾಗ ನೋಡಿಕೊಳ್ಳುವ ದಕ್ಷಿಣ ವೃತ್ತದ ಕಚೇರಿ ಬೆಂಗಳೂರಿನಲ್ಲೇ ಇದೆ. ಹೊಸ ಮಾರ್ಗ ಶುರು ಮಾಡುವಾಗ ಪರೀಕ್ಷೆ ಮಾಡುವವರೂ, ದೊಡ್ಡ ಅಪಘಾತವಾದರೆ ವಿಚಾರಣೆ ಮಾಡುವವರೂ ಇವರೇ.

ಅವರು ಕೇಳುವ ಪ್ರಶ್ನೆ: ಇದರ ಮೇಲೆ ರೈಲು ಕ್ಷೇಮವಾಗಿ ಹೋಗುತ್ತದಾ? ಹೋಗುತ್ತದೆ, ಇವತ್ತಿಗೂ. ಕೆಳಗೆ ಹೋಗುವವರ ಗತಿ ಏನು ಅಂತ ಮಳೆಗಾಲ ಮುಗಿದ ಮೇಲೆ ಬಂದು ಕೇಳುವ ಅಧಿಕಾರಿ ಯಾರು ಅಂತ ಹುಡುಕುತ್ತ ಹೋದರೆ ಯಾರೂ ಸಿಗುವುದಿಲ್ಲ.

ನೀರು ಯಾಕೆ ನಿಲ್ಲುತ್ತದೆ

ಇದಕ್ಕೆ ಕಾಂಟ್ರಾಕ್ಟರ್‌ನನ್ನು ಬೈಯುವುದು ಸುಲಭ. ಆದರೆ ಸಿಮೆಂಟಿನಲ್ಲಿ ದೋಷ ಇಲ್ಲ. ದೋಷ ಜಾಗದಲ್ಲೇ ಇದೆ.

ಗೇಟ್ ಯಾವ ಜಾಗದಲ್ಲಿ ಇರುತ್ತದೆ? ಹಳಿಯೂ ನೆಲವೂ ಸಮ ಇರುವ ಕಡೆ. ಹಳಿ ಎತ್ತರದ ಏರಿಯ ಮೇಲಿದ್ದರೆ ಗಾಡಿ ಹತ್ತುವುದಿಲ್ಲ, ಆಳದಲ್ಲಿದ್ದರೆ ಇಳಿಯುವುದಿಲ್ಲ. ಸಮ ಇರುವ ಜಾಗದಲ್ಲಿ ಹಳಿಯ ಕೆಳಗೆ ದಾರಿ ಮಾಡಬೇಕಾದರೆ ನೆಲವನ್ನೇ ಅಗೆಯಬೇಕು. ಎರಡೂ ಕಡೆಯಿಂದ ಇಳಿಜಾರು, ನಡುವೆ ತಗ್ಗು. ಸುತ್ತಲಿನ ಹೊಲಕ್ಕಿಂತ ಆಳುದ್ದ ಕೆಳಗೆ. ಹೊಲದ ನೀರು ಎಲ್ಲಿಗೆ ಹೋಗಬೇಕು ಹೇಳಿ. ಏರಿಯ ಮೇಲೆ ಹಳಿ ಇರುವ ಕಡೆ ಇದೇ ಬಾಕ್ಸ್ ಇಟ್ಟಿದ್ದರೆ ದಾರಿ ನೆಲಮಟ್ಟದಲ್ಲೇ ಇರುತ್ತಿತ್ತು, ನೀರು ತಾನಾಗಿ ಹರಿದು ಹೋಗುತ್ತಿತ್ತು. ಗೇಟ್ ಇದ್ದಲ್ಲೇ ಅಂಡರ್‌ಪಾಸ್ ಆಗಬೇಕು ಅಂತ ಯಾರೂ ಶಾಸನ ಬರೆದಿಲ್ಲ. ಆದರೆ ಗೇಟ್ ಇದ್ದಲ್ಲಿ ರಸ್ತೆ ಮೊದಲೇ ಇರುತ್ತದೆ, ಜಮೀನು ಕೇಳಬೇಕಾಗಿಲ್ಲ, ಕೆಲಸ ಬೇಗ ಮುಗಿಯುತ್ತದೆ.

ಇನ್ನೊಂದು ಕಾರಣ ಈ ಸೀಮೆಗೆ ಹೊಸದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಹತ್ತಾರು ಕೆರೆಗಳಿಗೆ ಬಿಡುವ ಎಚ್.ಎನ್. ವ್ಯಾಲಿ ಯೋಜನೆ ಬಂದ ಮೇಲೆ ಎಷ್ಟೋ ಕಾಲದಿಂದ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿದೆ. ಆಮೇಲೆ 2021ರ ನವೆಂಬರ್ ಮಳೆ ಬಂತು. ಜಿಲ್ಲೆಯಲ್ಲಿ ಕೆರೆ ಮೇಲೆ ಕೆರೆ ಕೋಡಿ ಬಿದ್ದವು. ಬೋರ್‌ವೆಲ್ ಸಾವಿರ ಅಡಿ ಹೋದರೂ ಧೂಳು ಬರುತ್ತಿದ್ದ ಸೀಮೆಯಲ್ಲಿ ಕೆರೆ ಹಿಂದಿನ ನೆಲ ಒಸರಲು ಶುರುವಾಗುತ್ತದೆ ಅಂತ ಯಾವ ಎಂಜಿನಿಯರ್ ಅಂದುಕೊಂಡಿರುತ್ತಾನೆ? ನೀರು ಬಂದಿದ್ದು ಒಳ್ಳೆಯದೇ. ಆದರೆ ಬರಗಾಲದ ನೆಲ ನೋಡಿ ತೋಡಿದ ಗುಂಡಿಗೆ ಅದು ಒಳ್ಳೆಯದಲ್ಲ.

ಏಳೂವರೆಗೆ ಡೈರಿ ಮುಚ್ಚುತ್ತದೆ

ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ರಾತ್ರಿ ಹೊಯ್ದರೆ ಬೆಳಗ್ಗೆ ಅಂಡರ್‌ಪಾಸ್‌ನಲ್ಲಿ ಕೆಂಪು ನೀರು. ಮೇಲೆ ಮುಸುಕಿನ ಜೋಳದ ದಂಟು, ಪ್ಲಾಸ್ಟಿಕ್ ಚೀಲ, ಯಾರದೋ ಒಂದು ಚಪ್ಪಲಿ ತೇಲುತ್ತಿರುತ್ತವೆ. ಹುಡುಗರು ಜೋಳದ ದಂಟು ಇಳಿಬಿಟ್ಟು ಆಳ ನೋಡುತ್ತಾರೆ. ಮೊಣಕಾಲು ಮಟ್ಟ ಆದರೆ ದಾಟಬಹುದು. ಸೊಂಟ ಆದರೆ ಇಲ್ಲ. ತಗ್ಗಿನಲ್ಲಿ ಹೂಳು ಕೂತಿರುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ.

ಡೈರಿ ಏಳೂವರೆಗೆ ಮುಚ್ಚುತ್ತದೆ. ಹಾಲು ಕಾಯುವುದಿಲ್ಲ. ಹಾಗಾಗಿ ಹೆಂಗಸರು ಕ್ಯಾನ್ ಸೊಂಟಕ್ಕೆ ಒತ್ತಿಕೊಂಡು ಹಳಿ ಹತ್ತುತ್ತಾರೆ. ಹತ್ತಲು ಮೆಟ್ಟಿಲಿಲ್ಲ, ಜಲ್ಲಿಯ ಇಳಿಜಾರು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೊದಲು ಇಲ್ಲಿ ಒಂದೇ ಹಳಿ ಇತ್ತು. ಈಗ ಜೋಡಿ ಮಾರ್ಗ, ಕರೆಂಟ್ ಎಂಜಿನ್. ಡೀಸೆಲ್ ಎಂಜಿನ್ ದೂರದಿಂದಲೇ ಗುಡುಗುತ್ತಿತ್ತು, ಇದು ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಜೋಡಿ ಮಾರ್ಗದ ಇನ್ನೊಂದು ಅಪಾಯ ಊರಿನವರಿಗೆ ಬಾಯಿಪಾಠ. ಬೆಂಗಳೂರು ಕಡೆಯ ಗೂಡ್ಸ್ ಹೋಗುವುದನ್ನು ಕಾದು, ಅದರ ಬಾಲ ದಾಟಿದ ತಕ್ಷಣ ಕಾಲಿಟ್ಟರೆ, ಆ ಸದ್ದಿನ ಮರೆಯಲ್ಲಿ ಹಿಂದೂಪುರ ಕಡೆಯ ರೈಲು ಎರಡನೇ ಹಳಿಯಲ್ಲಿ ಬಂದೇ ಬಿಟ್ಟಿರುತ್ತದೆ.

ಗೇಟ್ ಇದ್ದಾಗ ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಇದ್ದ. ಸ್ಟೇಷನ್‌ನಿಂದ ಫೋನ್ ಬರುತ್ತಿತ್ತು, ಗೇಟ್ ಬೀಳುತ್ತಿತ್ತು, ಆತ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದ. ಹಳಿ ಮೇಲೆ ಏನಾದರೂ ಸಿಕ್ಕಿಕೊಂಡರೆ ಬರುವ ರೈಲನ್ನು ತಡೆಯಲು ಅವನ ಗುಮಟಿಯಲ್ಲಿ, ಅಂದರೆ ಗೇಟ್ ಪಕ್ಕದ ಗೂಡಿನಲ್ಲಿ, ಕೆಂಪು ದೀಪ, ಹಳಿಗೆ ಕಟ್ಟುವ ಪಟಾಕಿ ಇದ್ದವು. ಈಗ ಆ ಗುಮಟಿಯೂ ಇಲ್ಲ.

ಆಗಬಾರದ್ದು ಒಂದು ಬೆಳಗ್ಗೆ ಆಯಿತು. ಊರಿನವರೊಬ್ಬರು ಎರಡು ಕ್ಯಾನ್ ಹಾಲು ಕಟ್ಟಿದ್ದ ಟಿವಿಎಸ್ ಮೊಪೆಡ್ಡನ್ನು ಹಳಿ ಮೇಲೆ ತಳ್ಳಿಕೊಂಡು ಹೋದರು. ಹಿಂದಿನ ಗಾಲಿ ಹಳಿಗೂ ಜಲ್ಲಿಗೂ ನಡುವೆ ಕೂತುಬಿಟ್ಟಿತು. ಎತ್ತುತ್ತಿದ್ದಾಗಲೇ ಹಾರ್ನ್ ಕೇಳಿಸಿತು. ಅವರು ಕ್ಯಾನ್ ಬಿಚ್ಚಲು ನೋಡಿದರಂತೆ. ಪಕ್ಕದಲ್ಲಿದ್ದ ಸೊಸೆ ಅಂಗಿ ಹಿಡಿದು ಎಳೆದಳು. ರೈಲಿನ ಚಾಲಕ ಬ್ರೇಕ್ ಹಾಕಿದರೂ ಮೊಪೆಡ್ ನುಚ್ಚುನೂರಾಯಿತು. ಪ್ರಾಣ ಉಳಿಯಿತು.

ಆಮೇಲೆ ಕೇಸ್ ಬಂತು. ರೈಲ್ವೆ ಕಾಯ್ದೆಯ 147ನೇ ಕಲಂ, ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅವರು ದಂಡ ಕಟ್ಟಿ ಬಂದರು. ಕಾನೂನಿನ ಪ್ರಕಾರ ತಪ್ಪಿಲ್ಲ. ಹಳಿ ಮೇಲೆ ಗಾಡಿ ಬಿಟ್ಟರೆ ರೈಲಿನಲ್ಲಿರುವ ನೂರಾರು ಜನರಿಗೂ ಅಪಾಯ. ಆದರೆ ಕೇಸಿನ ಕಾಗದದಲ್ಲಿ ಅಂಡರ್‌ಪಾಸ್ ಅನ್ನುವ ಪದವೇ ಇಲ್ಲ. ಆ ದಿನ ಅಲ್ಲಿ ಸೊಂಟದ ಮಟ್ಟ ನೀರಿತ್ತು ಅನ್ನುವುದೂ ಇಲ್ಲ. ರೈಲ್ವೆಯ ದಾಖಲೆ ನೋಡಿದವರಿಗೆ, ಸುಸಜ್ಜಿತ ಅಂಡರ್‌ಪಾಸ್ ಪಕ್ಕದಲ್ಲೇ ಇದ್ದರೂ ಒಬ್ಬ ಸೋಮಾರಿ ಹಳಿ ದಾಟಿದ ಅಂತಲೇ ಅನ್ನಿಸಬೇಕು.

ಕಾಕೋಡ್ಕರ್ ಸಮಿತಿ ಇದೇ ಮಾತನ್ನು ಖಾರವಾಗಿ ಹೇಳಿತ್ತು. ಹಳಿ ದಾಟುವಾಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆ, ಅವರನ್ನು ಅತಿಕ್ರಮಿಗಳು ಅಂದು ಕೈ ತೊಳೆದುಕೊಳ್ಳಲಾಗುತ್ತಿದೆ, ಯಾವ ನಾಗರಿಕ ಸಮಾಜವೂ ಇದನ್ನು ಒಪ್ಪಬಾರದು ಅನ್ನುವುದು ಅದರ ತಾತ್ಪರ್ಯ.

ಅಂಡರ್‌ಪಾಸ್‌ನ ಒಳಗೇ ಸತ್ತರೆ? ಅದು ರೈಲು ಅಪಘಾತದ ಪಟ್ಟಿಗೇ ಬರುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ನೀರು ತುಂಬಿದ ರೈಲ್ವೆ ಅಂಡರ್‌ಪಾಸ್‌ನಲ್ಲಿ ಕಾರು ಸಿಕ್ಕಿಕೊಂಡು ವೈದ್ಯೆಯೊಬ್ಬರು ಸತ್ತರು. 2024ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಫರೀದಾಬಾದ್‌ನಲ್ಲಿ ಇದೇ ರೀತಿ ಇಬ್ಬರು ಬ್ಯಾಂಕ್ ನೌಕರರು. ಡಿಕ್ಕಿ ಇಲ್ಲ, ಹಳಿ ತಪ್ಪಿಲ್ಲ, ಬೆಂಕಿ ಇಲ್ಲ, ಗೇಟೂ ಇಲ್ಲ. ಹಾಗಾಗಿ ಯಾವ ಕಾಲಂಗೂ ಸೇರುವುದಿಲ್ಲ.

ಯಾವ ಜೇಬಿನ ದುಡ್ಡು

ನಾವು ಮಾಹಿತಿ ಹಕ್ಕಿನಲ್ಲಿ ಕೇಳಿದ್ದು ಸರಳ ಪ್ರಶ್ನೆ: ನೀರು ತೆಗೆಯುವುದು ಯಾರ ಕೆಲಸ? ರೈಲ್ವೆ ಕಡೆಯಿಂದ ಬಂದ ಉತ್ತರ, ಕಾಂಕ್ರೀಟ್ ನಮ್ಮದು, ಚರಂಡಿ ಪಂಚಾಯಿತಿಯದು, ನಡಾವಳಿ ನೋಡಿ. ಪಂಚಾಯಿತಿಯ ಉತ್ತರ, ಜಾಗ ರೈಲ್ವೆಯದು, ರೈಲ್ವೆ ಜಾಗದಲ್ಲಿ ಅನುಮತಿ ಇಲ್ಲದೆ ನಮ್ಮ ಅನುದಾನ ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಪಿಡಿಒ ಮೇಡಂ ಎದುರು ಕೂತು ಹೇಳಿದ್ದು ಇನ್ನೂ ಸ್ಪಷ್ಟವಾಗಿತ್ತು: "ಸಾರ್, ಹದಿನೈದನೇ ಹಣಕಾಸು ಆಯೋಗದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿ ಹಾಕಿರ್ತಾರೆ. ಉಳಿದಿದ್ದರಲ್ಲಿ ನಾನು ರೈಲ್ವೆ ಗುಂಡಿ ನೀರು ಎತ್ತಲಾ?" ಲೋಕೋಪಯೋಗಿಯವರು ಇದು ನಮ್ಮ ರಸ್ತೆ ಅಲ್ಲ ಅಂದರು. ಅಲ್ಲಿಗೆ ಮುಗಿಯಿತು.

ಕಟ್ಟಲು ಮಾತ್ರ ದುಡ್ಡಿನ ತೊಂದರೆ ಆಗಿರಲಿಲ್ಲ. 2017ರಲ್ಲಿ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್‌ನಲ್ಲಿ ಸೇರಿಹೋಯಿತು. ಅದೇ ವರ್ಷ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಅಂತ ಒಂದು ನಿಧಿ ಮಾಡಿದರು. ಐದು ವರ್ಷಕ್ಕೆ ಒಂದು ಲಕ್ಷ ಕೋಟಿ. ವರ್ಷಕ್ಕೆ 20,000 ಕೋಟಿ, ಅದರಲ್ಲಿ 15,000 ಕೋಟಿ ಕೇಂದ್ರದ ಬಜೆಟ್‌ನಿಂದ, 5,000 ಕೋಟಿ ರೈಲ್ವೆಯ ಸ್ವಂತ ಗಳಿಕೆಯಿಂದ. ಹಳಿ ಬದಲಿಸುವುದು, ಸಿಗ್ನಲ್, ಗೇಟ್ ತೆಗೆಯುವುದು, ಮೇಲ್ಸೇತುವೆ, ಕೆಳಸೇತುವೆ ಎಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಆ ದುಡ್ಡಿನ ಮೇಲೆ ಕಣ್ಣಿಡಲು ಮಹಾಲೇಖಪಾಲರು, ಅಂದರೆ ಸಿಎಜಿ, ಇದ್ದಾರೆ, ಇಟ್ಟಿದ್ದಾರೆ ಕೂಡ. ರೈಲು ಹಳಿ ತಪ್ಪುವ ಬಗ್ಗೆ 2022ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಮೊದಲ ನಾಲ್ಕು ವರ್ಷದಲ್ಲಿ ರೈಲ್ವೆ ತನ್ನ ಗಳಿಕೆಯಿಂದ ಹಾಕಬೇಕಿದ್ದ 20,000 ಕೋಟಿಯಲ್ಲಿ 15,775 ಕೋಟಿ ಹಾಕಲೇ ಇಲ್ಲ. ಸುರಕ್ಷತೆಗೆ ಅಂತ ಇಟ್ಟ ದುಡ್ಡಿನಲ್ಲಿ ಕಾಲು ಒತ್ತುವ ಯಂತ್ರ, ಪಿಂಗಾಣಿ ಪಾತ್ರೆ, ಪೀಠೋಪಕರಣ, ಜಾಕೆಟ್ ಕೊಂಡದ್ದೂ ಅದರಲ್ಲಿದೆ. ನಮ್ಮ ಊರಿನಲ್ಲಿ ಇದನ್ನು ಓದಿ ಹೇಳಿದಾಗ ಕುರಿ ತಾತ, "ಅವರ ಕಾಲು ಒತ್ತೋಕೆ ಮಿಷನ್ನು, ನಮ್ಮ ಕಾಲು ಕೆಸರಲ್ಲಿ" ಅಂದರು.

ಆದರೆ ಆ ವರದಿ ಎಷ್ಟೇ ಖಾರವಾಗಿದ್ದರೂ ನಮ್ಮ ಅಂಡರ್‌ಪಾಸ್ ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮದು ದುರುಪಯೋಗ ಅಲ್ಲವಲ್ಲ. ಗೇಟ್ ತೆಗೆಯಲು ಇಟ್ಟ ದುಡ್ಡು ಗೇಟ್ ತೆಗೆಯಲೇ ಖರ್ಚಾಯಿತು. ಬಜೆಟ್ ಜೊತೆ ಬರುವ, ರೈಲ್ವೆ ಕೆಲಸಗಳ ಪಟ್ಟಿ ಇರುವ ಪಿಂಕ್ ಬುಕ್‌ನಲ್ಲಿ ಗೇಟುಗಳ ಕೆಲಸಕ್ಕೆ ಒಂದು ಶೀರ್ಷಿಕೆ, ಮೇಲ್ಸೇತುವೆ–ಕೆಳಸೇತುವೆಗೆ ಇನ್ನೊಂದು. ಕೆಲಸ ಮುಗಿದರೆ ಅಲ್ಲಿಂದ ಸಾಲು ಹೋಗುತ್ತದೆ. ಆಮೇಲೆ ಹೂಳು ತೆಗೆಯುವುದು, ಮೋಟಾರ್ ಓಡಿಸುವುದು, ಬಲ್ಬ್ ಬದಲಿಸುವುದು ಬಂಡವಾಳ ಖರ್ಚಲ್ಲ, ದಿನದ ಖರ್ಚು. ಅದಕ್ಕೆ ಬೇರೆ ಜೇಬು. ಆ ಜೇಬು ಪಂಚಾಯಿತಿಯದು, ಅದರಲ್ಲಿ ಏನೂ ಇಲ್ಲ. ಮದುವೆಗೆ ದುಡ್ಡು ಹೊಂದಿಸಿದವರು ಸಂಸಾರಕ್ಕೆ ಏನು ಅಂತ ಯೋಚಿಸಿಲ್ಲ. ರಾಜ್ಯದಲ್ಲಿ ಮೇಲ್ಸೇತುವೆಗಳ ಪೂರ್ತಿ ಖರ್ಚನ್ನು ರೈಲ್ವೆಯೇ ಹಾಕುತ್ತದೆ ಅಂತ ರೈಲ್ವೆ ರಾಜ್ಯ ಸಚಿವರೂ ತುಮಕೂರಿನ ಸಂಸದರೂ ಆದ ವಿ. ಸೋಮಣ್ಣ ಹೇಳುತ್ತ ಬಂದಿದ್ದಾರೆ. ಸಂತೋಷ. ಅದೂ ಕಟ್ಟುವ ಖರ್ಚಿನ ಮಾತೇ.

ಜಂಟಿ ಪರಿಶೀಲನೆ

ಮೊಪೆಡ್ ಪ್ರಕರಣ ಪೇಪರಿನಲ್ಲಿ ಬಂದ ಮೇಲೆ ಜಂಟಿ ಸ್ಥಳ ಪರಿಶೀಲನೆ ಆಯಿತು. ರೈಲ್ವೆ ಎಂಜಿನಿಯರ್, ತಾಲ್ಲೂಕು ಆಡಳಿತದವರು, ಪಂಚಾಯಿತಿ ಎಂಜಿನಿಯರ್, ಪಿಡಿಒ, ಸರ್ವೆಯವರು. ಗೇಟ್ ಮುಚ್ಚಿದ ಮೇಲೆ ಇಷ್ಟೂ ಜನ ಒಂದೇ ಕಡೆ ನಿಂತದ್ದು ಅದೇ ಮೊದಲು. ಬಿಸಿಲಿತ್ತು, ಅಂಡರ್‌ಪಾಸ್ ಒಣಗಿತ್ತು. ಅಧಿಕಾರಿಯೊಬ್ಬರು, "ಎಲ್ರೀ ನೀರು?" ಅಂದರು. ಗೋಡೆ ಮೇಲೆ ಮನುಷ್ಯನ ಎದೆ ಎತ್ತರಕ್ಕೆ ಕೆಸರಿನ ಗೆರೆ ಇತ್ತು. ಹುಡುಗನೊಬ್ಬ ಹೋಗಿ ಅದರ ಪಕ್ಕ ನಿಂತ. ಗೆರೆ ಅವನ ತಲೆಗಿಂತ ಮೇಲಿತ್ತು. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಅಲ್ಲಿ ಎರಡು ದಾರಿ ಕಂಡವು. ಒಂದು, ತಗ್ಗಿನಿಂದ ಪೈಪ್ ಹಾಕಿ ಕೆರೆ ಕೋಡಿ ಹಳ್ಳಕ್ಕೆ ನೀರು ಬಿಡುವುದು. ಹಳ್ಳ ಅಂಡರ್‌ಪಾಸ್‌ಗಿಂತ ಕೆಳಗಿದೆ, ಮೋಟಾರ್ ಬೇಡ, ಕರೆಂಟ್ ಬೇಡ, ಒಂದು ಸಲ ಮಾಡಿದರೆ ಮುಗಿಯಿತು. ಆದರೆ ಪೈಪ್ ಖಾಸಗಿ ಹೊಲಗಳ ಕೆಳಗೆ ಹೋಗಬೇಕು, ನಡುವೆ ಹಳೆಯ ಕಾಲುವೆ ಒತ್ತುವರಿಯಾಗಿದೆ. ಸರ್ವೆ ಆಗಬೇಕು, ತೆರವಾಗಬೇಕು. ಇನ್ನೊಂದು, ತಗ್ಗಿನಲ್ಲಿ ತೊಟ್ಟಿ ಮಾಡಿ ಮೋಟಾರ್ ಇಡುವುದು, ಇಳಿಜಾರಿನ ಮೇಲೆ ಶೀಟ್ ಹೊದಿಸುವುದು, ಹೊಲದ ನೀರು ಒಳಗೆ ಬಾರದಂತೆ ಎರಡೂ ಬಾಯಲ್ಲಿ ರಸ್ತೆಗೆ ದಿಬ್ಬ ಹಾಕುವುದು. ಇದು ಬೇಗ ಆಗುತ್ತದೆ. ಬೇಗ ಆಗುವುದನ್ನೇ ಆರಿಸಿದರು. ನನ್ನ ಪ್ರಕಾರ ಮೊದಲನೆಯದನ್ನು ಬಿಡಬಾರದಿತ್ತು.

ರೈಲ್ವೆಯವರು ತೊಟ್ಟಿ ಮಾಡಿದರು, ಮೋಟಾರ್ ತಂದಿಟ್ಟರು, ಒಂದು ಕಡೆ ಶೀಟ್ ಹೊದಿಸಿದರು. ಆಮೇಲೆ ಎಲ್ಲರೂ ಒಂದು ಪ್ರಶ್ನೆಯಲ್ಲಿ ಸಿಕ್ಕಿಬಿದ್ದರು. ಕರೆಂಟ್ ಕನೆಕ್ಷನ್ ಯಾರ ಹೆಸರಿಗೆ? ಆರ್.ಆರ್. ನಂಬರ್ ಯಾರ ಹೆಸರಲ್ಲಿ ಇರುತ್ತದೋ ಬಿಲ್ ಅವರಿಗೆ ಬರುತ್ತದೆ. ಬಿಲ್ ಕಟ್ಟಿದವರು ಗುಂಡಿ ತಮ್ಮದು ಅಂತ ಒಪ್ಪಿಕೊಂಡ ಹಾಗೆ. ಒಂದು ಇಡೀ ಮಳೆಗಾಲ ಮೋಟಾರ್ ಕರೆಂಟಿಲ್ಲದೆ ಕೂತಿತ್ತು. ಅದು ನೀರಲ್ಲಿ ಮುಳುಗಿ, ರಿಪೇರಿಗೆ ಹೋಗಿ ಬಂತು. ಕೊನೆಗೆ ಪಂಚಾಯಿತಿ ತನ್ನ ಹೆಸರಿಗೆ ಕನೆಕ್ಷನ್ ತಗೊಂಡಿತು, ಬೀದಿದೀಪದ ಲೆಕ್ಕದಲ್ಲಿ ಬಿಲ್ ಸೇರಿಸಿತು. ನೀರುಗಂಟಿಗೇ ಮೋಟಾರ್ ಆನ್ ಮಾಡುವ ಕೆಲಸವನ್ನೂ ಅಂಟಿಸಿದರು. ಅವನಿಗೆ ಅದಕ್ಕೆ ಸಂಬಳ ಇಲ್ಲ.

ಈಗ ಸಣ್ಣ ಮಳೆಗೆ ತೊಂದರೆ ಇಲ್ಲ. ಜೋರು ಮಳೆಯ ರಾತ್ರಿ ಕರೆಂಟ್ ಹೋಗುತ್ತದೆ, ನೀರು ಬರುವುದೂ ಅದೇ ರಾತ್ರಿ. ಮಾರನೇ ದಿನ ಬೆಳಗ್ಗೆ ಕ್ಯಾನ್‌ಗಳು ಮತ್ತೆ ಹಳಿ ಹತ್ತುತ್ತವೆ. ಹುಲ್ಲು ಹೇರಿದ ಟ್ರ್ಯಾಕ್ಟರ್, ಬೋರ್‌ವೆಲ್ ಲಾರಿ, ಕಟಾವು ಯಂತ್ರಕ್ಕೆ ಯಾವ ಕಾಲದಲ್ಲೂ ದಾರಿ ಇಲ್ಲ. ಎತ್ತರ ತಡೆಯಲು ನಿಲ್ಲಿಸಿದ ಕಂಬಕ್ಕೇ ತಾಗುತ್ತದೆ. ಅವು ಸುತ್ತಿಕೊಂಡು ಮುಂದಿನ ಗೇಟಿನಲ್ಲಿ ದಾಟುತ್ತವೆ.

ಆ ಮುಂದಿನ ಗೇಟ್ ಪಕ್ಕದ ಪಂಚಾಯಿತಿಗೆ ಸೇರಿದ್ದು. ಅದನ್ನೂ ಮುಚ್ಚುವ ಪತ್ರ ಈಗ ಬಂದಿದೆ, ಅದೇ ನಮೂನೆ, ಅದೇ ಎರಡು ವಾಕ್ಯ. ಅಲ್ಲಿನ ಅಧ್ಯಕ್ಷೆ ಸಹಿ ಹಾಕುವ ಮೊದಲು ನಮ್ಮ ಅಂಡರ್‌ಪಾಸ್ ನೋಡಿಕೊಂಡು ಹೋದರು. ಕೆಲಸ ಮುಗಿದು ಗೇಟ್ ಮುಚ್ಚಿದ ಮೇಲೆ ಊರಿನ ಮಾತಿಗೆ ತೂಕ ಇರುವುದಿಲ್ಲ, ಒಪ್ಪಿಗೆ ಕೊಡುವ ಮೊದಲು ಇರುತ್ತದೆ ಅನ್ನುವುದು ಆಕೆಗೆ ನಾನು ಹೇಳುವ ಮೊದಲೇ ಗೊತ್ತಿತ್ತು. ಅವರ ಗ್ರಾಮಸಭೆಯ ನಡಾವಳಿ ಒಂದೂವರೆ ಪುಟ ಇದೆ. ಹಳಿ ಏರಿಯ ಮೇಲಿರುವ ಜಾಗ ಅಲ್ಲಿಂದ ಸ್ವಲ್ಪ ದೂರದಲ್ಲೇ ಇದೆ, ಅಲ್ಲಿ ಮಾಡಿ. ಅಲ್ಲಿ ಆಗದಿದ್ದರೆ ನೀರು ತಾನಾಗಿ ಹರಿದು ಹೋಗುವ ಪೈಪ್ ಮೊದಲು, ಬಾಕ್ಸ್ ಆಮೇಲೆ. ಮೋಟಾರ್ ಇಡುವುದಾದರೆ ಆರ್.ಆರ್. ನಂಬರ್ ರೈಲ್ವೆ ಹೆಸರಿಗೆ. ಒಂದು ಪೂರ್ತಿ ಮಳೆಗಾಲ ಅಂಡರ್‌ಪಾಸ್ ಒಣಗಿದೆ ಅಂತ ಜಂಟಿಯಾಗಿ ಬರೆದುಕೊಡುವವರೆಗೆ ಗೇಟ್ ಮುಚ್ಚುವಂತಿಲ್ಲ. ನಡೆದು ದಾಟುವವರನ್ನೂ ಎಣಿಸಿ ವರದಿಗೆ ಲಗತ್ತಿಸಬೇಕು.

ಪತ್ರ ಹೋಗಿದೆ. ಉತ್ತರ ಬಂದಿಲ್ಲ. ಗೇಟ್‌ಮನ್ ಇನ್ನೂ ಡ್ಯೂಟಿಯಲ್ಲಿದ್ದಾನೆ.